ಹಿತ್ತಲಲ್ಲಿ ಬಿಟ್ಟ ರೈಲು

ಈ ಬೇಸಿಗೆಯಲ್ಲಿ ಏನೂ ಬರೆಯೋಕೆ ಆಗ್ಲಿಲ್ಲ. ಕಾರಣ ಕೇಳಿದ್ರೆ ನಗ್ತೀರಿ... ಹಿತ್ತಲಲ್ಲಿ ರೈಲು ಬಿಡ್ತಾ ಇದ್ದೆ! "ನೀನು ಮೊದಲಿಂದಲೂ ಬಿಡ್ತಾನೇ ಇದ್ದೀಯಲ್ಲ" ಅಂತ ಗೆಳೆಯನೊಬ್ಬ ಕಾಲೆಳೆದ. ಅವನು ತಮಾಷೆಗೆ ಅಂದದ್ದು ನನಗೆ ಸ್ವಲ್ಪ ಚುಚ್ಚಿತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಅಂಗಳದಲ್ಲಿ, ಗಿಡಗಳ ನಡುವೆ ಓಡಿಸೋ ಈ ಪುಟ್ಟ ರೈಲಿಗೆ ಗಾರ್ಡನ್ ರೈಲ್ವೆ ಅಂತಾರೆ. 1968ರಲ್ಲಿ ಜರ್ಮನಿಯ ಲೇಮನ್ ಕಂಪನಿ ಎಲ್‌ಜಿಬಿ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂತು. ಹಳಿಯ ಅಗಲ 45 ಮಿ.ಮೀ., ಅಳತೆ 22.5ರಲ್ಲಿ ಒಂದು ಪಾಲು. ಒಂದು ದಿನ ಸುಮ್ನೆ ಗುಣಿಸಿ ನೋಡಿದೆ: ಹೆಚ್ಚುಕಮ್ಮಿ ಒಂದು ಮೀಟರ್. ಅರೆ, ಇದು ನಮ್ಮ ಮೀಟರ್ ಗೇಜ್! ನಾನು ಚಿಕ್ಕವನಿದ್ದಾಗ ಸಕಲೇಶಪುರದಲ್ಲಿ ನೋಡಿದ ಹಾಸನ–ಮಂಗಳೂರು ರೈಲು. 1979ರಲ್ಲಿ ಪೂರ್ತಿಯಾದ ಆ ದಾರಿಯನ್ನ ಬ್ರಾಡ್‌ಗೇಜ್ ಮಾಡೋದಕ್ಕೆ 1996ರಲ್ಲಿ ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಕೊನೆಗೆ. ಅಷ್ಟರಲ್ಲಿ ನಾನು ಊರು ಬಿಟ್ಟಾಗಿತ್ತು. ಸರಿ, ಮಿಚಿಗನ್ನಿನ ಹಿತ್ತಲಲ್ಲೇ ಎಡಕುಮೇರಿ ಕಟ್ಟೋಣ ಅಂತ ಹೊರಟೆ.

ಮೊದಲ ಪ್ರಯತ್ನ ಮಣ್ಣುಪಾಲಾಯ್ತು. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ತೆಳ್ಳಗೆ ಕಾಂಕ್ರೀಟ್ ಹಾಕಿ, ಹಿತ್ತಾಳೆ ಹಳಿಗಳನ್ನ ಅದಕ್ಕೇ ಸ್ಕ್ರೂ ಮಾಡಿ ಗಟ್ಟಿಯಾಗಿ ಕೂರಿಸಿದ್ದೆ. ಚಳಿಗಾಲದಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ನೆಲ ಉಬ್ಬಿತು. ಹಿಮ ಕರಗಿದ ಮೇಲೆ ನೋಡಿದರೆ ಕಾಂಕ್ರೀಟ್ ನಾಲ್ಕು ತುಂಡು, ಹಳಿ ಹಾವಿನ ಥರ.

ಏಪ್ರಿಲ್‌ನಲ್ಲಿ ಅಪ್ಪ ಬಂದರು, ಅಮ್ಮ ಹೋದ ಮೇಲೆ ಮೊದಲ ಸಲ. ಇಲ್ಲಿ ಅವರಿಗೆ ಮಾತಾಡೋಕೆ ಯಾರಿದ್ದಾರೆ? ಮೂರನೇ ದಿನ ಕೈ ಹಿಂದೆ ಕಟ್ಟಿಕೊಂಡು ಹಿತ್ತಲಲ್ಲಿ ನಿಂತು ನೋಡಿದರು.

"ಯಾರೋ ಮಾಡಿದ್ದು ಇದ್ನ?"

"ನಾನೇ ಅಪ್ಪ."

"ಹಳಿನ ಹಿಂಗೆ ಕಟ್ಟಾಕ್ತಾರೇನೋ? ಅದು ಬಿಸಿಲಿಗೆ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ಅದ್ರ ಪಾಡಿಗೆ ಅದು ಅಲ್ಲಾಡ್ಬೇಕು. ಜಲ್ಲಿ ಮೇಲೆ ಬಿಡು."

ಮಾರನೇ ದಿನವೇ ಎಲ್ಲ ಕಿತ್ತೆವು. ಆರಿಂಚು ಅಗೆದು ಜಲ್ಲಿ ತುಂಬೋದು ಅಂತ ಆಯ್ತು. ನಾನು ಅಂಗಡಿಯಿಂದ ನುಣುಪಾದ ಗುಂಡು ಕಲ್ಲಿನ ಚೀಲ ತಂದಿದ್ದೆ, ಚೆನ್ನಾಗಿ ಕಾಣುತ್ತೆ ಅಂತ. ಅಪ್ಪ ಒಂದು ಹಿಡಿ ತಗೊಂಡು ಕೆಳಗೆ ಬಿಟ್ಟರು. "ಹೊಳೆಕಲ್ಲು ಉರುಳುತ್ತೆ. ಒಡೆದ ಕಲ್ಲು ಒಂದಕ್ಕೊಂದು ಕಚ್ಕೊಳ್ಳುತ್ತೆ." ಚೀಲ ವಾಪಸ್ ಹೋಯ್ತು, ಕ್ರಷರ್ ಪುಡಿ ಬಂತು. ಹಳಿಗಳ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರು. ಏರು 50 ಅಡಿಗೆ ಒಂದಡಿಗಿಂತ ಹೆಚ್ಚಾಗಕೂಡದು ಅಂದರು. ಘಾಟಿಯಲ್ಲೂ ಅಷ್ಟೇ ಇರೋದಂತೆ.

ಅಲಂಕಾರ ನನ್ನ ಪಾಲು. ಮರಕ್ಕೆ ಗಿಡ್ಡ ಸ್ಪ್ರೂಸ್, ಕಾಡಿನ ಹಸಿರಿಗೆ ನೆಲಕ್ಕೆ ಹಬ್ಬೋ ಥೈಮ್ ಮತ್ತು ಸೀಡಮ್. ವಾರಕ್ಕೊಮ್ಮೆ ಕತ್ತರಿ ಆಡಿಸದಿದ್ದರೆ ಹಳಿಯೇ ಕಾಣಲ್ಲ! ಹಳದಿ ಬೋರ್ಡಿನ ಮೇಲೆ ಕಪ್ಪಕ್ಷರದಲ್ಲಿ 'ಎಡಕುಮೇರಿ' ಅಂತ ಬರೆದೆ. ಎಂಜಿನ್ ಮಾತ್ರ ಸ್ವಿಟ್ಜರ್ಲೆಂಡಿನ ಮಾಡೆಲ್, ಅಡ್ಜಸ್ಟ್ ಮಾಡ್ಕೊಳ್ಳಿ. ಘಾಟಿಯಲ್ಲಿ ಸುರಂಗಗಳು 57, ನಮಗೆ ಒಂದೇ. ಅದೂ ಗಾಡಿ ಒಳಗೆ ಹಳಿ ತಪ್ಪಿದರೆ ಕೈಗೆ ಎಟುಕುವಷ್ಟೇ ಉದ್ದ.

ಆ ಸುರಂಗದ ಬಾಯಿಯ ಹತ್ತಿರ ಗೋಡೆಯಲ್ಲಿ ಅಪ್ಪ ಒಂದು ಪುಟ್ಟ ಗೂಡು ಕೊರೆದರು. ಅದರಲ್ಲಿ ಏಳೂವರೆ ಸೆಂಟಿಮೀಟರಿನ ಒಬ್ಬ ಮನುಷ್ಯನನ್ನ ನಿಲ್ಲಿಸಿದರು. "ಇದು ಯಾಕಪ್ಪ?" ಅಂದೆ.

"ಮಳೆಗಾಲದಲ್ಲಿ ರಾತ್ರಿ ಗಸ್ತು ಇರ್ತಿತ್ತು. ಗುಡ್ಡ ಜರಿದಿದೆಯಾ, ಮರ ಬಿದ್ದಿದೆಯಾ ಅಂತ ಲಾಟೀನು ಹಿಡ್ಕೊಂಡು ನಡೀಬೇಕು. ಸುರಂಗದೊಳಗೆ ಗಾಡಿ ಬಂದ್ರೆ ಇಲ್ಲೇ ನಿಲ್ಲೋದು, ಉಸಿರು ಹಿಡ್ಕೊಂಡು."

ಇಷ್ಟು ವರ್ಷದಲ್ಲಿ ಇದನ್ನ ಅವರು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಈಗ ಆ ಚುಚ್ಚಿದ ವಿಷಯ. ಅಪ್ಪ ಗ್ಯಾಂಗ್‌ಮನ್ ಆಗಿದ್ದರು. ಶಾಲೆಯಲ್ಲಿ ನಾನು 'ರೈಲ್ವೆ' ಅಂತಷ್ಟೇ ಹೇಳ್ತಿದ್ದೆ. ಇಲ್ಲಿಗೆ ಬಂದ ಮೇಲೂ ಅಷ್ಟೇ. ಕೇಳಿದವರು ದೊಡ್ಡ ಅಧಿಕಾರಿ ಅಂದುಕೊಂಡರೆ ತಿದ್ದುತ್ತಿರಲಿಲ್ಲ. ಸುಳ್ಳು ಹೇಳಿಲ್ಲ, ನಿಜ... ಆದರೆ ಅದನ್ನೇ ಅಲ್ವಾ ರೈಲು ಬಿಡೋದು ಅನ್ನೋದು?

ಆಗಸ್ಟಿನಲ್ಲಿ ಮೊದಲ ಗಾಡಿ ಬಿಟ್ಟ ದಿನ ಕನ್ನಡದ ನಾಲ್ಕಾರು ಮನೆಯವರನ್ನ ಕರೆದಿದ್ದೆ. ಗಾಡಿ ಎರಡು ಸುತ್ತು ಸಲೀಸಾಗಿ ಹೋಯ್ತು. ಗೆಳೆಯನೊಬ್ಬ ಅಪ್ಪನ್ನ ಕೇಳಿದ: "ಸಾರ್, ನೀವು ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ರಂತಲ್ಲ?"

ಅಪ್ಪ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ.

"ಇಲ್ಲ ಕಣೋ, ಅಪ್ಪ ಗ್ಯಾಂಗ್‌ಮನ್. ಸಕಲೇಶಪುರ ಘಾಟಿಯಲ್ಲಿ. ಈ ಹಳಿ ಹಾಕಿದ್ದೂ ಅವರೇ" ಅಂದೆ.

ಅಪ್ಪ ಬಗ್ಗಿ, ಎಲ್ಲೋ ಸಡಿಲವಾಗಿದ್ದ ಜಲ್ಲಿಯನ್ನ ಬೆರಳಿಂದ ಒತ್ತತೊಡಗಿದರು.

ಅಕ್ಟೋಬರಿನಲ್ಲಿ ಅವರು ಊರಿಗೆ ಹೊರಟರು. ಈಗ ಇಲ್ಲಿ ಎಲ್ಲ ಹಿಮದಡಿ. ಭಾನುವಾರ ಫೋನ್ ಮಾಡಿದಾಗ ಮೊದಲ ಪ್ರಶ್ನೆ, "ಹಳಿ ಹೆಂಗೈತೋ?" ಎರಡನೇದು, "ಗೂಡಲ್ಲಿರೋ ಆಳು?" ಹೋಗಿ ಹಿಮ ಸರಿಸಿ ನೋಡಿ ಬಂದೆ. ನಿಂತಿದ್ದಾನೆ. ಹಿಮ ಕರಗಿದ ಮೇಲೆ ಎಲ್ಲೆಲ್ಲಿ ಕುಸಿದಿದೆಯೋ ಅಲ್ಲೆಲ್ಲ ಮತ್ತೆ ಜಲ್ಲಿ ಒತ್ತಬೇಕಂತೆ. ಪ್ರತಿ ವರ್ಷದ ಕೆಲಸ ಅದು, ಮುಗಿಯೋದಲ್ಲ ಅಂದರು.