ಬಡ್ತಿ ಪಡೆದವರ ಮೊದಲ ವರ್ಷ

ಸರ್ಕಾರಿ ನೌಕರಿಯಲ್ಲಿರುವ ನಮ್ಮಂಥವರಿಗೆ ಬಡ್ತಿ ಎಂಬ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದೇಶ ಕೈಗೆ ಬಂದ ದಿನ ಇಡೀ ಕಚೇರಿಗೆ ಸಿಹಿ ಹಂಚುತ್ತೇವೆ. ಹೊಸ ಕುರ್ಚಿಯಲ್ಲಿ ಕುಳಿತ ಕೆಲವೇ ದಿನಗಳಲ್ಲಿ, ಹಳೆಯ ಮೇಜಿನಿಂದ ನಮ್ಮನ್ನು ಮೇಲಕ್ಕೆತ್ತಿದ ಜಾಣತನ ಇಲ್ಲಿಗೆ ಸಾಲದೆಂಬುದು ಅರಿವಾಗುತ್ತದೆ. ಸುತ್ತ ಕುಳಿತಿರುವವರಲ್ಲಿ ಹೆಚ್ಚಿನವರು ನೇರ ನೇಮಕಾತಿಯಿಂದ ಬಂದವರು. ಅವರ ನಡೆನುಡಿಯಲ್ಲಿ ಈ ಜಾಗ ತಮ್ಮದೇ ಎಂಬ ನಿರಾಳವಿರುತ್ತದೆ. ಮೆಟ್ಟಿಲು ಹತ್ತಿ ಬಂದವನಿಗೆ ಆ ನಿರಾಳ ದೊರೆಯಲು ಬಹಳ ಕಾಲ ಬೇಕು.

2024-25ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿಗೆ ಇಂಥದೇ ಒಂದು ವರ್ಷ ಒದಗಿತು. ಇಲ್ಲಿ ನೆಲೆಸಿರುವ ನಾವು ನಾಲ್ಕೈದು ಮಂದಿ ಕನ್ನಡಿಗರು, ಸಾಹಿತ್ಯದ ನೆಪದಲ್ಲಿ ತಿಂಗಳಿಗೊಮ್ಮೆ ಸೇರುವವರು, ಆ ವರ್ಷವಿಡೀ ಆ ತಂಡದ ಬೆನ್ನು ಹತ್ತಿದೆವು. ಅದು ಗೆಲ್ಲುವುದನ್ನು ಕ್ರೀಡಾಂಗಣದಲ್ಲಿ ಕುಳಿತು ಒಮ್ಮೆಯೂ ಕಾಣಲಿಲ್ಲ.

ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಾಗ ಅದರ ತಂಡಗಳು ಹಣ ತೆತ್ತು ಸ್ಥಾನ ಪಡೆದವು. ಕೆಳಗಿನ ಐ-ಲೀಗ್ ಗೆದ್ದವರು ಮೇಲಕ್ಕೆ ಬರಬಹುದೆಂಬ ನಿಯಮ ಜಾರಿಗೆ ಬಂದದ್ದು ಬಹಳ ತಡವಾಗಿ. ಹಾಗೆ ಬಂದವರಲ್ಲಿ ಪಂಜಾಬ್ ಎಫ್‌ಸಿ ಮೊದಲನೆಯದು. 2023-24ರಲ್ಲಿ ಅದು ಹನ್ನೆರಡು ತಂಡಗಳ ನಡುವೆ ಎಂಟನೆಯದಾಗಿ ಮರ್ಯಾದೆ ಉಳಿಸಿಕೊಂಡಿತು. ಎರಡನೆಯದು ಮೊಹಮ್ಮಡನ್. 2024ರ ಏಪ್ರಿಲ್ 6ರಂದು ಶಿಲ್ಲಾಂಗಿನಲ್ಲಿ ಲಾಜಾಂಗ್ ತಂಡವನ್ನು 2-1ರಿಂದ ಸೋಲಿಸಿ ಅದು ಐ-ಲೀಗ್ ಪ್ರಶಸ್ತಿಯನ್ನೂ ಬಡ್ತಿಯನ್ನೂ ಒಟ್ಟಿಗೆ ಗಳಿಸಿತು.

ಈ ಊರಿನಲ್ಲಿ ಫುಟ್‌ಬಾಲ್ ನಿಷ್ಠೆಯೆಂಬುದು ಗೋತ್ರದ ಹಾಗೆ. ಅದನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಪಶ್ಚಿಮ ಬಂಗಾಳದ ಹಳೆಯ ಮನೆತನಗಳು ಮೋಹನ್ ಬಾಗಾನ್‌ಗೆ ಸೇರಿದವು. ಪದ್ಮಾ ನದಿಯ ಆಚೆಯಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಈಸ್ಟ್ ಬೆಂಗಾಲ್‌ಗೆ ಸೇರಿದವರು. ಗೆದ್ದ ದಿನ ಒಬ್ಬರ ಮನೆಯಲ್ಲಿ ಸಿಗಡಿ, ಇನ್ನೊಬ್ಬರ ಮನೆಯಲ್ಲಿ ಇಲಿಶ್ ಮೀನು. ಕಪ್ಪು-ಬಿಳುಪು ಅಂಗಿಯ ಮೊಹಮ್ಮಡನ್ 1891ರಿಂದ ನಗರದ ಮುಸಲ್ಮಾನರ ತಂಡವೆಂದೇ ಹೆಸರಾದದ್ದು. ಮೈಸೂರು, ಉಡುಪಿ, ಹುಬ್ಬಳ್ಳಿಗಳಿಂದ ಬಂದ ನಮಗೆ ಈ ಮೂರು ವಂಶಾವಳಿಗಳಲ್ಲಿ ಯಾವುದರಲ್ಲಿಯೂ ಸ್ಥಾನವಿರಲಿಲ್ಲ. ಆದುದರಿಂದ ನಮಗೆ ಆಯ್ಕೆಯ ಸ್ವಾತಂತ್ರ್ಯವಿತ್ತು. ನಮ್ಮಲ್ಲಿ ಹಿರಿಯರಾದ ರಾಯರು, “ಹೊಸದಾಗಿ ಮೇಲೆ ಬಂದವರ ಕಷ್ಟ ನಮಗಲ್ಲದೆ ಇನ್ನಾರಿಗೆ ತಿಳಿದೀತು?” ಎಂದರು. ತಂಡ ತೀರ್ಮಾನವಾಯಿತು.

ಈ ಆಯ್ಕೆಗೆ ಇನ್ನೊಂದು ಕಾರಣವೂ ಉಂಟೆಂಬುದು ಹಳೆಯ ಕಥೆಯನ್ನು ತಿರುವಿ ನೋಡಿದಾಗ ಹೊಳೆಯಿತು. ಮೊಹಮ್ಮಡನ್‌ಗೆ ಇದು ಮೊದಲ ಬಡ್ತಿಯಲ್ಲ. ಕಲ್ಕತ್ತ ಲೀಗಿನ ಎರಡನೆಯ ದರ್ಜೆಯಿಂದ ಮೇಲೇರಿ 1934ರಲ್ಲಿ ಮೊದಲ ದರ್ಜೆಯಲ್ಲಿ ಆಡಿದಾಗ ಅದು ಆ ವರ್ಷವೇ ಲೀಗನ್ನು ಗೆದ್ದಿತು. ಅದುವರೆಗೆ ಆ ಪ್ರಶಸ್ತಿ ಯಾವ ಭಾರತೀಯ ಕ್ಲಬ್ಬಿಗೂ ದಕ್ಕಿರಲಿಲ್ಲ. ಬ್ರಿಟಿಷ್ ರೆಜಿಮೆಂಟುಗಳೂ ಐರೋಪ್ಯ ಕ್ಲಬ್ಬುಗಳೂ ಅದನ್ನು ತಮ್ಮೊಳಗೇ ಹಂಚಿಕೊಂಡಿದ್ದವು. ಮುಂದೆ 1938ರವರೆಗೆ ಐದು ವರ್ಷ ಸತತವಾಗಿ ಮೊಹಮ್ಮಡನ್ ಲೀಗನ್ನು ಬಿಟ್ಟುಕೊಡಲಿಲ್ಲ. 1936ರಲ್ಲಿ ಐಎಫ್‌ಎ ಶೀಲ್ಡ್, 1940ರಲ್ಲಿ ದೆಹಲಿಯಲ್ಲಿ ನಡೆದ ಡ್ಯುರಾಂಡ್ ಕಪ್, ಅದೇ ವರ್ಷ ಮುಂಬಯಿಯ ರೋವರ್ಸ್ ಕಪ್ ಕೂಡ ಅದರ ಪಾಲಾದವು.

ಅಂದಿನ ಗೆಲುವಿಗೆ ಕಾರಣಗಳು ಸ್ಪಷ್ಟವಾಗಿದ್ದವು. ಬರಿಗಾಲಿನ ಆಟವೇ ರೂಢಿಯಾಗಿದ್ದ ಕಾಲದಲ್ಲಿ ಆ ತಂಡ ಮಳೆಗಾಲದ ಕೆಸರಿಗೆ ಹಗುರವಾದ ಬೂಟುಗಳನ್ನು ತೊಡಿಸಿತು. ಜೊತೆಗೆ, ಬಂಗಾಳದ ಹೊರಗೆ ದೂರದೂರದ ಊರುಗಳಿಂದ ಆಟಗಾರರನ್ನು ಹುಡುಕಿ ತಂದಿತು. ಹಾಗೆ ಹುಡುಕಿದ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. ದಂಡುಪ್ರದೇಶದ ಮೈದಾನಗಳಲ್ಲಿ ಸಿಪಾಯಿಗಳ ಆಟ ನೋಡಿ ಕಲಿತ ಹುಡುಗರು ರೈಲು ಹತ್ತಿ ಕಲ್ಕತ್ತಕ್ಕೆ ಬಂದು ಈ ಅಂಗಿ ತೊಟ್ಟರು. ಅವರ ಊರಿನಲ್ಲಿಯೇ ಉಳಿದವರ ಬೆಂಗಳೂರು ಮುಸ್ಲಿಮ್ಸ್ ತಂಡ 1937ರ ರೋವರ್ಸ್ ಕಪ್ ಫೈನಲ್ಲಿನಲ್ಲಿ ಇದೇ ಮೊಹಮ್ಮಡನ್ ತಂಡವನ್ನು ಮಣಿಸಿ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ನಮಗಿಂತ ತೊಂಬತ್ತು ವರ್ಷ ಮೊದಲೇ ನಮ್ಮ ನಾಡಿನವರು ಈ ಊರಿಗೆ ದುಡಿಯಲು ಬಂದು, ನೆಲದ ಭಾಷೆ ಬಾರದೆಯೂ ಇಲ್ಲಿನವರ ಮನ ಗೆದ್ದಿದ್ದರು. ಈ ಸಂಗತಿ ತಿಳಿದ ಮೇಲೆ ನಾವು ಗ್ಯಾಲರಿಯಲ್ಲಿ ಪರಕೀಯರೆಂಬ ಭಾವನೆ ಅರ್ಧ ಕಡಮೆಯಾಯಿತು.

ಆದರೆ 1934 ಮರುಕಳಿಸಲಿಲ್ಲ. ಸೆಪ್ಟೆಂಬರ್ 16ರಂದು ದಕ್ಷಿಣ ಕೋಲ್ಕತ್ತದ ಕಿಶೋರ್ ಭಾರತಿ ಕ್ರೀಡಾಂಗಣದಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಮೊದಲ ಪಂದ್ಯ ನಡೆಯಿತು. ತೊಂಬತ್ತು ನಿಮಿಷ ಗೋಲಿಲ್ಲದೆ ತಡೆದು ನಿಂತ ತಂಡ ಹೆಚ್ಚುವರಿ ನಿಮಿಷಗಳಲ್ಲಿ ಒಂದು ಗೋಲು ಬಿಟ್ಟುಕೊಟ್ಟಿತು. ಮುಂದಿನ ಪಂದ್ಯದಲ್ಲಿ ಗೋವಾ ವಿರುದ್ಧ ಮುನ್ನಡೆ ಸಿಕ್ಕಿತ್ತು. ಅದನ್ನೂ ಹೆಚ್ಚುವರಿ ನಿಮಿಷಗಳೇ ನುಂಗಿದವು, ಫಲಿತಾಂಶ 1-1. ಸೆಪ್ಟೆಂಬರ್ 26ರಂದು ಚೆನ್ನೈಗೆ ಹೋಗಿ ಲಾಲ್‌ರೆಮ್ಸಾಂಗಾ ಫನಾಯಿಯ ಏಕೈಕ ಗೋಲಿನಿಂದ ಗೆದ್ದು ಬಂದಾಗ, ಮೂರು ಪಂದ್ಯಗಳಿಗೆ ನಾಲ್ಕು ಅಂಕ. ಪರವಾಗಿಲ್ಲ, ಹೊಸಬರು ಕುದುರಿಕೊಳ್ಳುತ್ತಿದ್ದಾರೆ ಎಂದುಕೊಂಡೆವು.

ಆಮೇಲೆ ಮೋಹನ್ ಬಾಗಾನ್ ಎದುರು 0-3, ಕೇರಳದ ಎದುರು 1-2, ಹೈದರಾಬಾದ್ ಎದುರು 0-4. ಕೇರಳದ ಪಂದ್ಯದಲ್ಲಿ ಗ್ಯಾಲರಿಯಿಂದ ಬಾಟಲಿಗಳು ಬಿದ್ದು ಆಟ ಕೆಲಕಾಲ ನಿಂತಿತು. ಆ ಕೃತ್ಯವನ್ನು ಸಮರ್ಥಿಸಲು ಸಾಧ್ಯವಿಲ್ಲ. ಅದು ತಂಡಕ್ಕೆ ಯಾವ ರೀತಿಯಲ್ಲಿಯೂ ನೆರವಾಗಲಿಲ್ಲ. ನವೆಂಬರ್ 9ರ ಪಂದ್ಯವಂತೂ ಬೇರೆಯೇ ಬಗೆಯದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಈಸ್ಟ್ ಬೆಂಗಾಲ್‌ನ ಇಬ್ಬರು ಕೆಂಪು ಚೀಟಿ ಪಡೆದು ಹೊರನಡೆದರು. ಉಳಿದ ಒಂದು ಗಂಟೆ ಒಂಬತ್ತು ಮಂದಿಯ ಎದುರು ಹನ್ನೊಂದು ಮಂದಿ ಆಡಿಯೂ ಒಂದು ಗೋಲು ಹುಟ್ಟಲಿಲ್ಲ. ಚೆಂಡು ಕಾಲಿನಲ್ಲಿತ್ತು, ಜಾಗವೂ ಇತ್ತು. ಅವನ್ನು ಬಳಸಬಲ್ಲೆವೆಂಬ ನಂಬಿಕೆಯೊಂದೇ ಇರಲಿಲ್ಲ. ಕೆಳಗಿನ ದರ್ಜೆಯಲ್ಲಿ ತಾನಾಗಿ ಬರುತ್ತಿದ್ದ ಧೈರ್ಯ ಮೇಲಿನ ದರ್ಜೆಯಲ್ಲಿ ಅಳುಕಾಗಿ ಬದಲಾಗುವುದನ್ನು ನಾವು ಕಚೇರಿಗಳಲ್ಲಿ ಎಷ್ಟೋ ಸಲ ಕಂಡಿದ್ದೇವೆ.

ನವೆಂಬರ್ 27ರಂದು ಬೆಂಗಳೂರು ಎಫ್‌ಸಿ ನಮ್ಮ ಊರಿಗೆ ಬಂದಿತು. ‘ನಮ್ಮ ಊರು’ ಎಂಬ ಮಾತು ಅಂದು ನಮ್ಮೊಳಗೇ ಜಗಳಕ್ಕೆ ಕಾರಣವಾಯಿತು. ಮೈಸೂರಿನವರು ಬೆಂಗಳೂರಿನ ಕಡೆ ವಾಲಿದರು. ರಾಯರು ಮೌನ ತಾಳಿದರು. ಹುಬ್ಬಳ್ಳಿಯ ಗೆಳೆಯರು ಮಾತ್ರ, “ಬೆಂಗ್ಳೂರು ಗೆದ್ರ ನಮಗೇನ್ ಬಂತ್ರೀ? ನಾವು ದುಡಿಯೂದು ಇಲ್ಲೇ, ಉಣ್ಣೂದು ಇಲ್ಲೇ” ಎಂದು ಕಪ್ಪು-ಬಿಳುಪು ಶಾಲು ಹೊದ್ದು ಕುಳಿತರು. ಪಕ್ಕದಲ್ಲಿದ್ದ ವೃದ್ಧರೊಬ್ಬರು ನಮ್ಮ ಭಾಷೆ ಕೇಳಿ ಎಲ್ಲಿಯವರೆಂದು ವಿಚಾರಿಸಿದರು. ಹೇಳಿದೆವು. “ಹಾಗಾದರೆ ಇವತ್ತು ಯಾರ ಕಡೆ ದಾದಾ?” ಎಂದರು. ನಮ್ಮಲ್ಲಿ ಯಾರಿಗೂ ಒಮ್ಮೆಗೇ ಉತ್ತರ ಹೊಳೆಯಲಿಲ್ಲ. ಅವರು ನಕ್ಕು, ತಮ್ಮ ಕಡಲೆಕಾಯಿಯ ಪೊಟ್ಟಣವನ್ನು ನಮ್ಮ ಕಡೆಗೆ ಸರಿಸಿದರು.

ಮಧ್ಯ ಆಫ್ರಿಕಾ ಗಣರಾಜ್ಯದ ಲೋಬಿ ಮಾನ್ಜೋಕಿ ಆರಂಭದಲ್ಲಿಯೇ ಮೊಹಮ್ಮಡನ್‌ಗೆ ಗೋಲು ತಂದರು. ಎಂಬತ್ತು ನಿಮಿಷ ದಾಟುವವರೆಗೂ ಆ ಮುನ್ನಡೆ ಉಳಿಯಿತು. ಆಗ ಬೆಂಗಳೂರಿಗೆ ಪೆನಾಲ್ಟಿ ಸಿಕ್ಕಿತು; ಸುನಿಲ್ ಛೆಟ್ರಿ ತಪ್ಪಲಿಲ್ಲ. ಹೆಚ್ಚುವರಿ ಸಮಯದ ಕೊನೆಯಲ್ಲಿ ಚೆಂಡು ಮೊಹಮ್ಮಡನ್ ಆಟಗಾರನಿಗೇ ತಗುಲಿ ಅವರದೇ ಬಲೆಯೊಳಕ್ಕೆ ನುಗ್ಗಿತು. 1-2. ಬೆಂಗಳೂರಿನ ಪರವಿದ್ದ ನಮ್ಮ ಗೆಳೆಯರೂ ಎದ್ದು ಚಪ್ಪಾಳೆ ತಟ್ಟಲಿಲ್ಲ. ಆ ವೃದ್ಧರು ಕಡಲೆ ಸಿಪ್ಪೆಯನ್ನು ಪೊಟ್ಟಣಕ್ಕೆ ತುಂಬಿ, ಬರುತ್ತೇನೆಂದು ಹೇಳಿ ಹೊರಟರು.

ಕೊನೆಯ ನಿಮಿಷದ ಗೋಲುಗಳನ್ನು ಜನ ದುರದೃಷ್ಟವೆನ್ನುತ್ತಾರೆ. ಒಂದು ಸಲವಾದರೆ ಒಪ್ಪಬಹುದು. ಮತ್ತೆ ಮತ್ತೆ ನಡೆದಾಗ ಬೇರೆ ಕಾರಣ ಹುಡುಕಬೇಕಾಗುತ್ತದೆ. ಚೆಂಡನ್ನು ತನ್ನ ಬಳಿ ಇಟ್ಟುಕೊಳ್ಳಲಾರದ ತಂಡ ಪಂದ್ಯವಿಡೀ ಅದರ ಹಿಂದೆ ಓಡುತ್ತದೆ. ಓಡಿದವರು ದಣಿದಾಗ ಬದಲಿಗೆ ಇಳಿಸಲು ಅಷ್ಟೇ ಸಮರ್ಥರು ಬೆಂಚಿನಲ್ಲಿ ಇರುವುದಿಲ್ಲ. ಎದುರಾಳಿಯ ಬೆಂಚಿನಲ್ಲಿ ಇರುತ್ತಾರೆ. ಹಣದ ವ್ಯತ್ಯಾಸ ಮೊದಲ ಹತ್ತು ನಿಮಿಷಗಳಲ್ಲಿ ಕಾಣಿಸದೆ ಕೊನೆಯ ಹತ್ತರಲ್ಲಿ ಕಾಣಿಸುವುದು ಹೀಗೆ. ನಾರ್ತ್‌ಈಸ್ಟ್, ಗೋವಾ, ಬೆಂಗಳೂರು ಈ ಮೂರೇ ಪಂದ್ಯಗಳ ಹೆಚ್ಚುವರಿ ನಿಮಿಷಗಳಲ್ಲಿ ಕೈಬಿಟ್ಟ ಅಂಕಗಳು ನಾಲ್ಕು.

ಜನವರಿಯಲ್ಲಿ ಕಷ್ಟ ಮೈದಾನದ ಹೊರಗೂ ಹಬ್ಬಿತು. ಆಟಗಾರರಿಗೆ ತಿಂಗಳುಗಳ ಸಂಬಳ ಬಾಕಿಯಿದೆಯೆಂದೂ ಅವರು ಅಭ್ಯಾಸಕ್ಕೆ ಇಳಿಯಲಿಲ್ಲವೆಂದೂ ಪತ್ರಿಕೆಗಳು ಬರೆದವು. ಐ-ಲೀಗ್ ಗೆಲ್ಲಿಸಿದ ರಷ್ಯಾದ ತರಬೇತುದಾರ ಆಂದ್ರೇ ಚೆರ್ನಿಶೋವ್ ಸಂಬಳ ಬಂದಿಲ್ಲವೆಂಬ ಕಾರಣ ನೀಡಿ ತಿಂಗಳ ಕೊನೆಗೆ ಹುದ್ದೆ ತೊರೆದರು. ಮೆಹರಾಜುದ್ದೀನ್ ವಾಡೂ ಹೊಣೆ ಹೊತ್ತರು. ತಿಂಗಳ ಕೊನೆಯ ದಿನ ತಪ್ಪದೆ ಸಂಬಳ ಪಡೆಯುವ ನಾವು ಸೋಲಿನ ಬಗ್ಗೆ ಮಾತನಾಡುವಾಗ ಅಂದಿನಿಂದ ದನಿ ತಗ್ಗಿಸಿದೆವು. ಒಂದು ದಿನದ ತುಟ್ಟಿಭತ್ಯೆ ತಡವಾದರೆ ಕಡತಗಳ ಮೇಲೆ ಮುನಿಸು ತೋರಿಸುವ ಜನ ನಾವು.

ಹೀಗಿದ್ದೂ ಆ ತಂಡದ ಅತ್ಯುತ್ತಮ ದಿನಗಳು ಬಂದದ್ದು ಅದೇ ಜನವರಿಯಲ್ಲಿ ಎಂಬುದನ್ನು ನಾವು ಮರೆಯಲಾರೆವು. ಜನವರಿ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ. ರಾಯರ ಮನೆಯ ದೂರದರ್ಶನದ ಮುಂದೆ ಎಲ್ಲರೂ ಸೇರಿದ್ದೆವು. ಗೋಲಿಲ್ಲದೆ ಮುಗಿಯುವಂತಿದ್ದಾಗ, ಕೊನೆಯ ನಿಮಿಷಗಳಲ್ಲಿ ಉಜ್ಬೇಕಿಸ್ತಾನದ ಮಿರ್ಜಲೋಲ್ ಕಾಸಿಮೋವ್ ಒದ್ದ ಫ್ರೀ ಕಿಕ್ ಬಲೆಯೊಳಗೆ ಬಿದ್ದಿತು. ವರ್ಷವಿಡೀ ಇವರನ್ನು ಕಾಡಿದ ಕೊನೆಯ ಗಳಿಗೆ ಆ ಒಂದು ದಿನ ಇವರ ಪರವಾಗಿ ತಿರುಗಿತ್ತು. ಹುಬ್ಬಳ್ಳಿಯವರು ಕೂಗಿದ ಕೂಗಿಗೆ ಮೇಲಿನ ಮನೆಯವರು ಇಳಿದು ಬಂದರು. ಮೈಸೂರಿನವರು ಕೂಡ ನಗುತ್ತಿದ್ದರು. ಅಂದು ಸೋತ ಬೆಂಗಳೂರು ಮುಂದೆ ಆ ಋತುವಿನ ಫೈನಲ್ ತಲುಪಿತು ಎನ್ನುವುದರಿಂದ ಆ ಗೆಲುವಿನ ತೂಕವನ್ನು ಅಳೆಯಬಹುದು. ನಾಲ್ಕೇ ದಿನಗಳ ಬಳಿಕ ಚೆನ್ನೈ ತಂಡದ ಎದುರು ಎರಡು ಗೋಲು ಹಿಂದಿದ್ದವರು ಕೊನೆಗೆ 2-2ಕ್ಕೆ ತಂದು ನಿಲ್ಲಿಸಿದರು. ಸಂಬಳ ಬಾಕಿಯಿದ್ದವರು ಹಾಗೆ ಆಡಿದ್ದು ಯಾರಿಗಾಗಿ ಎಂದು ಉಡುಪಿಯ ಗೆಳೆಯರು ಕೇಳಿದರು. ಅಂಗಿಗಾಗಿ ಎಂದರು ಒಬ್ಬರು. ಕಸುಬಿನ ಮಾನಕ್ಕಾಗಿ ಎಂದರು ರಾಯರು. ರಾಯರ ಮಾತೇ ನಮಗೆ ಹೆಚ್ಚು ಸರಿಯೆನಿಸಿತು.

ಗೆಲುವು ಅಲ್ಲಿಗೇ ಮುಗಿಯಿತು. 24 ಪಂದ್ಯ, 2 ಗೆಲುವು, 7 ಡ್ರಾ, 15 ಸೋಲು. ಹೊಡೆದ ಗೋಲು 12, ಬಿಟ್ಟುಕೊಟ್ಟದ್ದು 43. ಹದಿಮೂರು ತಂಡಗಳಲ್ಲಿ ಹದಿಮೂರನೆಯ ಸ್ಥಾನ, ಹದಿಮೂರೇ ಅಂಕ. ಎರಡು ಗೆಲುವೂ ಪರಊರುಗಳಲ್ಲಿ, ಚೆನ್ನೈ ಮತ್ತು ಬೆಂಗಳೂರುಗಳಲ್ಲಿ. ಸ್ವಂತ ಅಭಿಮಾನಿಗಳ ಮುಂದೆ ಒಂದೂ ಇಲ್ಲ. ಕೊನೆಯ ನಿಮಿಷಗಳಲ್ಲಿ ಕಳೆದುಕೊಂಡ ಆ ನಾಲ್ಕು ಅಂಕಗಳನ್ನು ಮರಳಿ ಸೇರಿಸಿದರೂ ಹದಿನೇಳು. ಮೇಲಿನ ಹೈದರಾಬಾದ್ ಹದಿನೆಂಟು ಗಳಿಸಿತ್ತು. ಆದ್ದರಿಂದ ‘ಹಾಗಾಗಿದ್ದರೆ’ ಎಂಬ ಸಮಾಧಾನಕ್ಕೂ ಆಸ್ಪದವಿಲ್ಲ.

ಆ ವರ್ಷ ಸೂಪರ್ ಲೀಗಿನಲ್ಲಿ ಬಡ್ತಿಯಿತ್ತೇ ಹೊರತು ಹಿಂಬಡ್ತಿ ಇರಲಿಲ್ಲ. ಕೊನೆಯವರಾದರೂ ಕೆಳಗಿಳಿಯಬೇಕಾಗಿರಲಿಲ್ಲ. ಇದು ದಯೆಯಂತೆ ಕಾಣುತ್ತದೆ. ನಮಗೆ ಮಾತ್ರ ಹಾಗೆನಿಸಲಿಲ್ಲ. ಸೋತವರು ಇಳಿಯಬೇಕೆಂಬ ನಿಯಮವಿದ್ದಲ್ಲಿ ಕೊನೆಯ ಸ್ಥಾನದವರ ಒಂದೊಂದು ಪಂದ್ಯಕ್ಕೂ ಬೆಲೆಯಿರುತ್ತದೆ. ಅವರು ಉಳಿವಿಗಾಗಿ ಹೋರಾಡುತ್ತಾರೆ, ಉಳಿದರೆ ಅದೇ ಅವರ ಪ್ರಶಸ್ತಿ. ಇಲ್ಲಿ ಫೆಬ್ರುವರಿಯ ಸೋಲುಗಳಿಂದ ಏನೂ ಕಳೆಯುತ್ತಿರಲಿಲ್ಲ, ಗೆದ್ದರೂ ಏನೂ ಸೇರುತ್ತಿರಲಿಲ್ಲ. ಬಾಗಿಲು ತೆರೆದು ಒಳಗೆ ಕರೆದವರು ಕುಳಿತುಕೊಳ್ಳಲು ಹೇಳುವುದನ್ನು ಮರೆತಂತಿತ್ತು. ಅರ್ಹತೆಯಿಂದ ಮೇಲೆ ಬಂದವರಿಗೆ ಸ್ಥಾನ ಕೊಟ್ಟರೆ ಸಾಲದು, ಅಲ್ಲಿ ಕಾಲೂರಲು ಬೇಕಾದ ಸಾಧನವೂ ಕಾಲಾವಕಾಶವೂ ಜೊತೆಗೇ ದೊರೆಯಬೇಕು ಎಂಬ ಮಾತು ಆಟಕ್ಕೂ ಕಚೇರಿಗೂ ಒಂದೇ.

ಪಂಪನ ಕರ್ಣನನ್ನು ಓದಿ ಬೆಳೆದವರಿಗೆ ಸೋಲುವವನ ಮೇಲೆ ಗೌರವವಿಡುವುದು ಹೊಸತಲ್ಲ. ಆದರೆ ಕಾವ್ಯದ ವೀರನಿಗೆ ಸೋಲು ಒಮ್ಮೆ ಬರುತ್ತದೆ, ಅದರೊಡನೆ ಕಥೆಯೂ ಮುಗಿಯುತ್ತದೆ. ಲೀಗಿನ ಕೊನೆಯ ತಂಡ ಶನಿವಾರ ಸೋತು, ಸೋಮವಾರ ಅಭ್ಯಾಸಕ್ಕೆ ಬಂದು, ಮುಂದಿನ ವಾರ ಮತ್ತೆ ಸೋಲುತ್ತದೆ. ಈ ಬಗೆಯ ಸಹನೆಗೆ ಕಾವ್ಯಗಳಲ್ಲಿ ಹೆಚ್ಚು ಜಾಗ ಸಿಕ್ಕಿಲ್ಲ. ಊರು ಬಿಟ್ಟು ಊರು ಸೇರಿ, ಪ್ರತಿ ವರ್ಗಾವಣೆಯಲ್ಲೂ ಮೊದಲ ಪಾಠದಿಂದ ಆರಂಭಿಸುವ ಹೊರನಾಡಿನ ನಮಗೆ ಅದರ ಪರಿಚಯ ಚೆನ್ನಾಗಿಯೇ ಇದೆ.

ಈಗ ನಮ್ಮ ಗುಂಪಿನಿಂದ ಒಬ್ಬರಿಗೆ ಪುಣೆಗೆ ವರ್ಗವಾಗಿದೆ. ಬೀಳ್ಕೊಡುಗೆಯ ಸಂಜೆ ಪುಸ್ತಕದ ಜೊತೆಗೆ ಒಂದು ಕಪ್ಪು-ಬಿಳುಪು ಶಾಲನ್ನೂ ಕಟ್ಟಿಕೊಟ್ಟೆವು.