ಕಾಲಂ 12

ಜಮೀನಿನ ಚರಿತ್ರೆ ನಮಗೆ ಬೇಕಾಗೋದು ಅದನ್ನ ಮಾರೋಕೆ ಹೊರಟಾಗಲೇ. ಬೆಂಗಳೂರಿನ ಫ್ಲ್ಯಾಟಿಗೆ ಮುಂಗಡ ಸಾಲದೆ, ಊರಿನ ಕೆರೆ ಕೆಳಗಿನ ಗದ್ದೆ ಕೊಟ್ಟುಬಿಡೋಣ ಅಂತ ಮನೇಲಿ ತೀರ್ಮಾನವಾಯ್ತು. ಕೊಳ್ಳುವವರ ವಕೀಲರು 50 ವರ್ಷದ ಪಹಣಿ ಕೇಳಿದರು. ಕಂಪ್ಯೂಟರ್ ಪಹಣಿ ಶುರುವಾದದ್ದೇ 'ಭೂಮಿ' ಯೋಜನೆ ಬಂದಮೇಲೆ, 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಕೈಬರಹದ ಪಹಣಿ ಬೇಕಂದ್ರೆ ತಾಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಹಾಕಬೇಕಿತ್ತು. ಎರಡು ದಿನ ರಜೆ ಹಾಕಿ ಮಲೆನಾಡಿನ ಬಸ್ಸು ಹತ್ತಿದೆ.

ಅಭಿಲೇಖಾಲಯ ಅಂದರೆ ಕಬ್ಬಿಣದ ರ‍್ಯಾಕು, ಬಟ್ಟೆಯಲ್ಲಿ ಕಟ್ಟಿಟ್ಟ ಗಂಟು, ಜಿರಳೆ ಗುಳಿಗೆ ವಾಸನೆ. ಅಲ್ಲಿನ ಗುಮಾಸ್ತರು ಒಳ್ಳೆಯವರು. ಸರ್ವೆ ನಂಬರು ಹೇಳಿದ್ದೇ ತಡ, ಕಂಪ್ಯೂಟರಿಗಿಂತ ಬೇಗ ಗಂಟು ಇಳಿಸಿದರು. ವಿಸ್ತೀರ್ಣ 2 ಎಕರೆ 12 ಗುಂಟೆ 8 ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ನಾವು ಕಾಲೇಜಲ್ಲಿ ತಿಣುಕಾಡಿ ಕಲಿತ ಹೆಕ್ಸಾಡೆಸಿಮಲ್ಲನ್ನ ಇವರೆಲ್ಲ ಬೆರಳಲ್ಲೇ ಎಣಿಸಿದ್ದರು!

ಪಹಣಿ ಓದೋದು ನಮ್ಮ ಕೆಲಸದವರಿಗೆ ಕಷ್ಟವಲ್ಲ. ಕಾಲಂ 9ರಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಹೇಗೆ ಬಂತು ಅನ್ನೋದು. ಮಾಲೀಕರ ಹೆಸರು ಬದಲಾಗಬೇಕಾದರೆ ಮ್ಯುಟೇಶನ್ ಆಗಬೇಕು, ಅದಕ್ಕೊಂದು ಎಂಆರ್ ನಂಬರು ಇರಬೇಕು. ನಾವು ಕೋಡ್ ಬದಲಾಯಿಸಿದರೆ ಕಾರಣ ಬರೀತೀವಲ್ಲ, ಹಾಗೆ. 12ನೆಯದು ಉಳುವವರ ಕಾಲಂ. ಅದಕ್ಕೆ ಈ ರಗಳೆ ಇಲ್ಲ. ವರ್ಷ ವರ್ಷ ಬೆಳೆ ನೋಡಿ ಗ್ರಾಮ ಲೆಕ್ಕಿಗರು ಬರೆಯುತ್ತಿದ್ದರು.

ಕಾಲಂ 9ರಲ್ಲಿ ಉದ್ದಕ್ಕೂ ನನ್ನ ಅಜ್ಜ. 12ರಲ್ಲಿ 1972-73ರವರೆಗೆ ಬೇರೆ ಒಬ್ಬರ ಹೆಸರು, ಪಕ್ಕದಲ್ಲಿ 'ಗೇಣಿ'. ಮರುವರ್ಷದಿಂದ ಬೇರೆ ಶಾಯಿಯಲ್ಲಿ 'ಖುದ್ದು'.

ಆ ಹೆಸರು ನನಗೆ ಗೊತ್ತು. ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಒಂದೇ ಬೆಂಚಲ್ಲಿ ಕೂತವನ ಅಜ್ಜ. ಈಗಲೂ ಅವನು ನಮ್ಮ ಮನೆಗೆ ಅಡಿಕೆ ಕೊಯ್ಲಿಗೆ ಬರುತ್ತಾನೆ. 'ಅವರಜ್ಜನ ಕಾಲದಿಂದ ನಮ್ಮನೆ ಕೆಲಸಕ್ಕೆ ಬರೋರು, ಮನೆಯವರಿದ್ದ ಹಾಗೆ' ಅಂತ ಅಪ್ಪ ನೆಂಟರಿಗೆಲ್ಲ ಹೇಳೋದನ್ನ ಕೇಳಿಕೊಂಡೇ ಬೆಳೆದವನು ನಾನು.

ಮಲೆನಾಡಿನವರಿಗೆ ಗೇಣಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದದ್ದಕ್ಕೆ ಒಂದು ಕಾರಣ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅದನ್ನೆಲ್ಲ ನಮ್ಮ ಜಿಲ್ಲೆಯ ಹೆಮ್ಮೆ ಅಂತ ಆಫೀಸಿನ ಕ್ಯಾಂಟೀನಲ್ಲಿ ನಾನೇ ಭಾಷಣ ಬಿಗಿದದ್ದುಂಟು. ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿಗೆ ಉಳುತ್ತಿದ್ದವರು ಫಾರಂ 7 ಕೊಟ್ಟು, ಭೂ ನ್ಯಾಯಮಂಡಳಿ ಒಪ್ಪಿದರೆ ಗದ್ದೆ ಅವರದ್ದೇ. ಕಾನೂನು ಬರುತ್ತೆ ಅನ್ನೋ ಸುದ್ದಿ ಕಾನೂನಿಗಿಂತ ಮುಂಚೆಯೇ ಊರು ತಲುಪಿತ್ತು. ಆ ಸುದ್ದಿಗೂ 'ಖುದ್ದು' ಅನ್ನೋ ಪದಕ್ಕೂ ನಡುವೆ ಒಂದೇ ಬೆಳೆಯ ಅಂತರ.

ರಾತ್ರಿ ನಕಲನ್ನ ಅಪ್ಪನ ಮುಂದಿಟ್ಟೆ.

"ಅವ್ನೇ ಬಂದು ಬಿಟ್ಟುಕೊಟ್ಟಿದ್ದು ಮಾರಾಯ. ಆಗೆಲ್ಲ ಹಂಗೇ."

"ಸುಮ್ನೆ ಬಿಟ್ಟುಕೊಟ್ರಾ?"

"ನಾನಾಗ ಹೈಸ್ಕೂಲು. ನಂಗೇನು ಗೊತ್ತು?"

ಒಳಗೆ ಮಲಗಿದ್ದ ಅಜ್ಜಿಗೆ ಕಿವಿ ಮಂದ ಅಂದುಕೊಂಡಿದ್ದೆವು. "ಎರಡು ಚೀಲ ಭತ್ತ ಕೊಟ್ಟಿದ್ರು, ಒಂದು ಕಂಬಳಿ. ಅವನ ಹೆಂಡ್ತಿ ಅಂಗಳದಲ್ಲೇ ಕೂತಿದ್ಲು. ಕಾಫಿ ಕೊಟ್ರೆ ಮುಟ್ಲಿಲ್ಲ" ಅಂದಳು. ಅಪ್ಪ ಎದ್ದು ಹೋಗಿ ಟಿವಿ ಹಾಕಿದ.

ವಕೀಲರಿಗೆ ಏನೂ ತೊಂದರೆ ಕಾಣಲಿಲ್ಲ. ಈ ಗದ್ದೆಗೆ ಫಾರಂ 7 ಬಿದ್ದಿಲ್ಲ, ಅದರ ಕೊನೇ ದಿನ 1979ರ ಜೂನ್ 30ಕ್ಕೇ ಮುಗೀತು, ಟೈಟಲ್ ಕ್ಲಿಯರ್ ಅಂದರು. ಕಾನೂನಿನ ಲೆಕ್ಕದಲ್ಲಿ ಸರಿಯೇ. ಆದರೂ ಅಗ್ರಿಮೆಂಟಿಗೆ ಒಂದು ತಿಂಗಳು ಟೈಮ್ ಕೇಳಿದೆ. ಹೆಂಡತಿ ಕಾರಣ ಕೇಳಲಿಲ್ಲ, ಬಿಲ್ಡರ್ ಕೇಳಿದ.

ಬೆಂಗಳೂರಿಗೆ ಬಂದಮೇಲೆ ಗೆಳೆಯನಿಗೆ ಫೋನ್ ಮಾಡಿದೆ. ಗದ್ದೆ ಮಾರೋ ಯೋಚನೆ ಇದೆ, ನಿನಗೇನಾದ್ರೂ ಬೇಕಾ, ರೇಟು ಆಮೇಲೆ ಮಾತಾಡೋಣ ಅಂದೆ.

"ನಮ್ಗೆಲ್ಲಿಂದ ಬರುತ್ತೆ ಮಾರಾಯ ಅಷ್ಟು ದುಡ್ಡು" ಅಂತ ನಕ್ಕ.

ಪಹಣಿಯಲ್ಲಿ ಕಂಡದ್ದನ್ನ ಹೇಳಿದೆ. ಅಜ್ಜಿ ಹೇಳಿದ್ದನ್ನೂ ಹೇಳಿದೆ. ತುಂಬ ಹೊತ್ತು ಆ ಕಡೆಯಿಂದ ಟಿಲ್ಲರಿನ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ, "ಕಂಬಳಿ ಕಥೆ ನಮ್ಮನೇಲೂ ಇದೆ" ಅಂದ. ಇನ್ನೇನು ಬೈತಾನೆ ಅಂತ ಕಾದೆ.

"ಆ ಕಾಗದದ್ದೊಂದು ಫೋಟೋ ವಾಟ್ಸ್ಆ್ಯಪ್ ಮಾಡು. ಅಜ್ಜನ ಹೆಸರು ಎಲ್ಲಾದ್ರೂ ಬರೆದಿದ್ದು ನಾನು ನೋಡೇ ಇಲ್ಲ."

ಕಳಿಸಿದೆ. ಎರಡು ನೀಲಿ ಗೆರೆ ಬಂತು.