ಒಂದು ಹಲ್ಲಿನ ವ್ಯತ್ಯಾಸ

2009ರ ಮೇ 17, ಭಾನುವಾರ. ಚನ್ನರಾಯಪಟ್ಟಣದ ಒಂದು ಮನೆಯ ಮುಂದೆ ಬಿಳಿ ಬಣ್ಣದ ಮಾರುತಿ 800 ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಹಿಂದಿನ ದಿನವಷ್ಟೇ ಲೋಕಸಭೆ ಚುನಾವಣೆಯ ಫಲಿತಾಂಶ ಬಂದಿದ್ದರಿಂದ ಬೀದಿಯ ತುಂಬ ಅದೇ ಮಾತು. ಆ ಮನೆಯವರಿಗೆ ಮಾತ್ರ ಅದರ ಗೊಡವೆ ಬೇಕಿರಲಿಲ್ಲ. ಮರುದಿನ ಬೆಳಗಿನ ಐದೂವರೆಗೆ ಆ ಕಾರು ಹಾಸನಕ್ಕೆ ಹೊರಡಲೇಬೇಕಿತ್ತು.

ಮನೆಯ ಯಜಮಾನರು ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಅವರ ಹೆಂಡತಿಗೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ವರ್ಷವಾಗಿತ್ತು. ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ಸುಮಾರು 40 ಕಿ.ಮೀ. ದೂರ. ಬಸ್ಸಿನಲ್ಲಿ ಹೋಗಿ ಬಂದರೆ ಆಕೆ ಎರಡು ದಿನ ಏಳುತ್ತಿರಲಿಲ್ಲ. ಅದಕ್ಕೆಂದೇ ಸೊಸೈಟಿಯಲ್ಲಿ ಸಾಲ ಮಾಡಿ, 1998ರ ಆ ಹಳೆಯ ಕಾರನ್ನು ಕೊಂಡಿದ್ದರು.

ಶುಕ್ರವಾರ ಸಂಜೆ ಪರಿಚಯದ ಮೆಕ್ಯಾನಿಕ್ ಒಬ್ಬರು ಬೇರೇನೋ ಕೆಲಸಕ್ಕೆ ಬಾನೆಟ್ ಎತ್ತಿದವರು, ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳವನ್ನು ಸರಿಸಿ ಟಾರ್ಚ್ ಬಿಟ್ಟು ನೋಡಿದರು. ಒಳಗಿದ್ದ ಟೈಮಿಂಗ್ ಬೆಲ್ಟಿನ ಹಲ್ಲುಗಳ ಬುಡದಲ್ಲಿ ಸಣ್ಣ ಸಣ್ಣ ಬಿರುಕುಗಳಿದ್ದವು. ಇದನ್ನು ನಂಬಿಕೊಂಡು ದೂರ ಹೋಗಬೇಡಿ ಎಂದರು. ಆದರೆ ಅವರ ನಾದಿನಿಯ ಮದುವೆ. ಬುಧವಾರದ ತನಕ ಅಂಗಡಿಗೆ ಬೀಗ. ಮೇ ತಿಂಗಳಲ್ಲಿ ಮದುವೆಗಿಲ್ಲದ ಮೆಕ್ಯಾನಿಕ್ ಸಿಗುವುದೂ ಕಷ್ಟವೇ ಎನ್ನಿ. ಹೊಸ ಬೆಲ್ಟು, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಒಂದು ಚೀಲ ಸ್ಪ್ಯಾನರುಗಳನ್ನು ಕೊಟ್ಟು, ಮಾಡುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದರು. ಹಾಳೆಯ ಕೊನೆಗೆ ಎರಡು ಸಲ ಗೆರೆ ಎಳೆದಿದ್ದರು: ಮಾರ್ಕ್ ಸೇರದೆ ಸ್ಟಾರ್ಟ್ ಮಾಡಬಾರದು.

ಮಗ ಆ ವರ್ಷ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಒಂದರಲ್ಲಿ ನಪಾಸಾಗಿ, ಪೂರಕ ಪರೀಕ್ಷೆಗೆ ಓದುತ್ತಿದ್ದ. ತಂದೆ ಮಗನ ನಡುವೆ ಹದಿನೈದು ದಿನದಿಂದ ಮಾತು ಅಷ್ಟಕ್ಕಷ್ಟೆ. ಹಾಳೆ ಓದಿದ ತಂದೆ, "ಮಾರ್ಕ್ ಸರಿಯಾಗಿ ಬರಬೇಕು ಅಂತ ನಾನೂ ಎರಡು ವರ್ಷದಿಂದ ಹೇಳ್ತಾನೇ ಇದ್ದೆ" ಎಂದರು. ಹುಡುಗ ತಲೆ ಎತ್ತದೆ ಬ್ಯಾಟರಿಯ ವೈರು ಬಿಚ್ಚತೊಡಗಿದ.

ಈ ಬೆಲ್ಟಿನ ಕೆಲಸವೇನು ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಪಾಠದಿಂದಲೇ ನೆನಪಿಸಿಕೊಳ್ಳಬಹುದು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಇಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುತ್ತದೆ, ಏರುವಾಗ ಒತ್ತಲ್ಪಡುತ್ತದೆ, ಕಿಡಿ ತಗುಲಿ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ, ಮತ್ತೆ ಏರುವಾಗ ಹೊಗೆ ಹೊರಹೋಗುತ್ತದೆ. ಇಷ್ಟಕ್ಕೆ ಕೆಳಗಿನ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿರುತ್ತದೆ. ಕವಾಟಗಳಾದರೋ ಒಂದೊಂದು ಸಲ ತೆರೆದರೆ ಸಾಕು. ಆದ್ದರಿಂದ ಅವುಗಳನ್ನು ತೆರೆಯುವ ಮೇಲಿನ ಕ್ಯಾಮ್ ದಂಡ ಒಂದೇ ಸುತ್ತು ತಿರುಗಬೇಕು. ಕೆಳಗಿನ ಚಕ್ರದ ಎರಡರಷ್ಟು ಹಲ್ಲು ಮೇಲಿನ ಚಕ್ರಕ್ಕೆ ಇರುವುದು ಇದಕ್ಕೇ. ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಒಂದೊಂದು ಕವಾಟವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇದನ್ನೆಲ್ಲ ಹೊಂದಿಸಿ ನಡೆಸುವುದು ಹಲ್ಲುಗಳುಳ್ಳ ಒಂದು ರಬ್ಬರ್ ಪಟ್ಟಿ. ಅದು ಹಿಗ್ಗದಂತೆ ಒಳಗೆ ಗಾಜಿನ ನಾರಿನ ಎಳೆಗಳಿರುತ್ತವೆ.

ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಈ ಕೆಲಸಕ್ಕೆ ಉಕ್ಕಿನ ಚೈನು ಇತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ ಚೈನಿನ ಜಾಗಕ್ಕೆ ಬೆಲ್ಟು ಬಂತು. ಜರ್ಮನಿಯ ಗ್ಲಾಸ್ ಕಂಪನಿ 1962ರಲ್ಲೇ ತನ್ನ 1004 ಎಂಬ ಕಾರಿನಲ್ಲಿ ಇದನ್ನು ಬಳಸಿತ್ತು. ಬೆಲ್ಟು ಹಗುರ, ಸದ್ದಿಲ್ಲ, ಎಣ್ಣೆ ಬೇಡ. ಆದರೆ ಅದಕ್ಕೊಂದು ಆಯುಸ್ಸು ಉಂಟು. ಕಾರಿಗೆ ತಕ್ಕಂತೆ ಸಾಮಾನ್ಯವಾಗಿ 60,000ದಿಂದ 1,00,000 ಕಿ.ಮೀ. ಓಡದೆ ನಿಂತ ಕಾರಿನಲ್ಲೂ ವರ್ಷ ಕಳೆದಂತೆ ರಬ್ಬರು ಒಣಗುತ್ತದೆ. ಹರಿದರೆ ಎಂಜಿನ್ ಆ ಕ್ಷಣವೇ ನಿಲ್ಲುತ್ತದೆ. ಕೆಲವು ಎಂಜಿನ್ನುಗಳಲ್ಲಿ ತೆರೆದು ನಿಂತ ಕವಾಟಕ್ಕೆ ಪಿಸ್ಟನ್ ಬಡಿದು ಕವಾಟ ಬಾಗುವುದೂ ಉಂಟು. ತಮ್ಮ ಕಾರು ಯಾವ ಬಗೆಯದೆಂದು ಪರೀಕ್ಷಿಸಿ ನೋಡುವ ಆಸೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕೆಲಸ ಶುರುವಾಯಿತು. ಜ್ಯಾಕಿ ಕೊಟ್ಟು ಮುಂದಿನ ಒಂದು ಚಕ್ರ ಬಿಚ್ಚಿದರು. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೇ ಮಲಗಿಸಿದ ಹುಡುಗ. ಜ್ಯಾಕಿ ಜಾರಿದರೂ ಕಾರು ಮೈಮೇಲೆ ಬೀಳದಿರಲೆಂದು. ಜ್ಯಾಕಿಯೊಂದನ್ನೇ ನಂಬಿ ಕಾರಿನಡಿ ತಲೆ ಹಾಕುವ ಹುಡುಗರು ಇದನ್ನು ಗಮನಿಸಬೇಕು. ಫ್ಯಾನ್ ಬೆಲ್ಟು ಸುಲಭವಾಗಿ ಬಂತು. ಹೆಸರು ಫ್ಯಾನ್ ಬೆಲ್ಟ್ ಅಷ್ಟೆ. ಆ ಕಾರಿನಲ್ಲಿ ಫ್ಯಾನು ತಿರುಗುವುದು ಕರೆಂಟಿನಿಂದ, ಬೆಲ್ಟು ತಿರುಗಿಸುವುದು ಆಲ್ಟರ್ನೇಟರ್ ಮತ್ತು ನೀರಿನ ಪಂಪನ್ನು.

ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗೇರಿಗೆ ಹಾಕಿ, ತಂಗಿಯನ್ನು ಬ್ರೇಕ್ ತುಳಿಯಲು ಕೂರಿಸಿದರು. ತಂದೆ ಸ್ಪ್ಯಾನರಿನ ಮೇಲೆ ನಿಂತೇಬಿಟ್ಟರು. ಆಗಲಿಲ್ಲ. ಹುಡುಗ ಹಿತ್ತಲಿಗೆ ಹೋಗಿ ಬೋರ್‌ವೆಲ್ ಕೆಲಸದಲ್ಲಿ ಉಳಿದಿದ್ದ ಜಿಐ ಪೈಪಿನ ತುಂಡು ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿದ. 25 ಸೆಂ.ಮೀ. ಇದ್ದ ಹಿಡಿ 75 ಸೆಂ.ಮೀ. ಆಯಿತು. ಅದೇ ಕೈ, ಮೂರರಷ್ಟು ತಿರುಗಿಸುವ ಬಲ. ಬೋಲ್ಟು 'ಟಕ್' ಎಂದು ಸಡಿಲಾಯಿತು. ತಂದೆ ಪೈಪನ್ನೂ ಮಗನನ್ನೂ ಒಮ್ಮೆ ನೋಡಿ ಬೆವರೊರೆಸಿಕೊಂಡರು.

ಅಷ್ಟು ಹೊತ್ತಿಗೆ ತಾಯಿ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಬಂದು ಕೂತಿದ್ದರು. ಕಾಯಿಲೆ ಬರುವ ಮುಂಚೆ ಆಕೆ ರವಿಕೆ ಹೊಲಿದು ಮನೆಗೆ ನಾಲ್ಕು ಕಾಸು ತರುತ್ತಿದ್ದವರು. "ಅದಕ್ಕೇನು ಅಷ್ಟೊಂದು ಗುರುತು?" ಎಂದು ಕೇಳಿದಾಗ ಮಗ ಮೇಲಿನ ಚಕ್ರ, ಕೆಳಗಿನ ಚಕ್ರ ಎಂದೆಲ್ಲ ವಿವರಿಸಿದ. ಆಕೆ, "ನಮ್ಮ ಮಿಷಿನ್ನಿನ ಥರವೇ ಬಿಡು. ಸೂಜಿ ಕೆಳಗಿಳಿದಾಗ ಸರಿಯಾಗಿ ಶಟಲ್ ಬಂದು ದಾರ ಹಿಡೀಬೇಕು. ಒಂದು ಕೂದಲು ಹಿಂದುಮುಂದಾದರೂ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತೆ" ಎಂದರು. ಆಕೆಗೆ ತಿಳಿಯದೆಯೇ ಆಡಿದ ಮಾತು ಚರಿತ್ರೆಗೆ ಹತ್ತಿರವಾಗಿತ್ತು. ಹಲ್ಲಿನ ಬೆಲ್ಟು ಹುಟ್ಟಿದ್ದೇ 1940ರ ದಶಕದಲ್ಲಿ, ಅಮೆರಿಕದಲ್ಲಿ, ಹೊಲಿಗೆ ಯಂತ್ರದ ಸೂಜಿಯನ್ನೂ ಬಾಬಿನ್ನನ್ನೂ ಹೊಂದಿಸುವುದಕ್ಕಾಗಿ. ಕಾರಿಗೆ ಬಂದದ್ದು ಆಮೇಲೆ.

ಹಳೆಯ ಬೆಲ್ಟು ತೆಗೆಯುವ ಮುನ್ನ ಗುರುತುಗಳನ್ನು ಸೇರಿಸಿಕೊಳ್ಳಬೇಕು. ಚಕ್ರಗಳ ಮೇಲೆ ಸಣ್ಣ ಗುರುತುಗಳಿವೆ, ಅವಕ್ಕೆದುರಾಗಿ ಎಂಜಿನ್ನಿನ ಮೈಮೇಲೂ ಇವೆ. ಮಸಿ ಹಿಡಿದು ಕಾಣದಂತಿದ್ದವು. ಹುಡುಗ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಕಾಲೇಜು ಬ್ಯಾಗಿನಿಂದ ವೈಟ್ನರ್ ತಂದು ಚುಕ್ಕೆ ಇಟ್ಟ. ಟೆನ್ಷನರ್ ಸಡಿಲಿಸಿದರು, ಬೆಲ್ಟು ಬಂತು. ಹಳೆಯ ಟೆನ್ಷನರನ್ನು ಬೆರಳಲ್ಲಿ ತಿರುಗಿಸಿದರೆ ಗರಗರ ಎನ್ನುತ್ತಿತ್ತು. ಅದನ್ನೂ ಬದಲಿಸಿದ್ದು ಒಳ್ಳೆಯದಾಯಿತು. ಮೈಕಟ್ಟಿನ ಗೋಡೆಗೂ ಎಂಜಿನ್ನಿಗೂ ನಡುವೆ ಕೈ ತೂರುವಷ್ಟೇ ಜಾಗ. ತಂದೆಯ ಬೆರಳ ಗೆಣ್ಣುಗಳು ಎರಡು ಕಡೆ ತರಚಿದವು.

ಸಂಜೆ ನಾಲ್ಕಕ್ಕೆ ಹೊಸ ಬೆಲ್ಟು ಕೂತಿತು. ತಂದೆಯೇ ಕೂರಿಸಿದರು. ಗುರುತುಗಳು ಸೇರಿದಂತೆಯೇ ಕಂಡವು. "ಸರಿ, ಮುಚ್ಚಳ ಹಾಕು. ಸ್ಟಾರ್ಟ್ ಮಾಡಿ ನೋಡೋಣ" ಎಂದರು. ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಅವರ ಸೊಂಟ ಸೋತಿತ್ತು.

"ಬೇಡಿ ಅಪ್ಪಾ, ಎರಡು ಸುತ್ತು ಕೈಯಲ್ಲಿ ತಿರುಗಿಸಿ ನೋಡಬೇಕು. ಹಾಳೆಯಲ್ಲಿ ಬರೆದಿದೆ."

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದ್ದರಿಂದ ಎಂಜಿನ್ ಹಗುರವಾಗಿ ತಿರುಗಿತು. ಕ್ರ್ಯಾಂಕ್ ಎರಡು ಸುತ್ತು ಮುಗಿಸಿ ಕೆಳಗಿನ ಚುಕ್ಕೆ ತನ್ನ ಜಾಗಕ್ಕೆ ಬಂತು. ಮೇಲಿನ ಚುಕ್ಕೆ ಮಾತ್ರ ಒಂದು ಹಲ್ಲಿನಷ್ಟು ಆಚೆ ನಿಂತಿತು. ಹಳೆಯ ಬೆಲ್ಟು ತೆಗೆದ ಕ್ಷಣ ಕವಾಟದ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ಚಕ್ರ ತುಸು ಜರುಗಿದ್ದಿರಬೇಕು. ಬೆಲ್ಟು ಸಡಿಲವಿದ್ದಾಗ ಅದು ಕಣ್ಣಿಗೆ ಬಿದ್ದಿರಲಿಲ್ಲ.

"ಒಂದು ಹಲ್ಲು ತಾನೆ? ಅಷ್ಟಕ್ಕೇನಾಗುತ್ತೆ?" ಎಂದರು ತಂದೆ. ಮತ್ತೆ ಬಿಚ್ಚುವುದೆಂದರೆ ಮತ್ತೆ ಒಂದು ಗಂಟೆ.

ಹುಡುಗ ನೆಲದ ಮೇಲೇ ಚೂರು ಇಟ್ಟಿಗೆಯಿಂದ ಲೆಕ್ಕ ಬರೆದ. ಮೇಲಿನ ಚಕ್ರಕ್ಕೆ 40 ಹಲ್ಲು ಎಂದಿಟ್ಟುಕೊಂಡರೂ ಒಂದು ಹಲ್ಲಿಗೆ 9 ಡಿಗ್ರಿ. ಕ್ಯಾಮಿನ 9 ಎಂದರೆ ಕ್ರ್ಯಾಂಕಿನ 18. ಕವಾಟ ತೆರೆಯುವುದೂ ಮುಚ್ಚುವುದೂ 18 ಡಿಗ್ರಿ ತಪ್ಪುತ್ತದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಅದೇ ಕ್ಯಾಮ್ ದಂಡ. ಅಲ್ಲಿಗೆ ಕಿಡಿಯೂ ಅಷ್ಟೇ ತಪ್ಪಿತು. "ಸ್ಟಾರ್ಟ್ ಆದರೂ ಆಗಬಹುದು ಅಪ್ಪಾ. ಆದರೆ ಎಳೆಯಲ್ಲ. ನಾಳೆ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ."

ತಂದೆ ಆ ಲೆಕ್ಕವನ್ನು ಸ್ವಲ್ಪ ಹೊತ್ತು ನೋಡಿದರು. ಅವರು ಓದಿದ್ದು ಬಿ.ಕಾಂ. ಡಿಗ್ರಿಯ ಮಾತು ಎಷ್ಟು ತಿಳಿಯಿತೋ, ಕೊನೆಯ ಮಾತು ತಿಳಿಯಿತು. ಹೆಂಡತಿ ಬಾಗಿಲಿಂದಲೇ, "ರೀ, ಅವನು ಹೇಳಿದ ಹಾಗೆ ಮಾಡಿ. ಹೊಲಿಗೆ ತಪ್ಪಿದರೆ ಬಿಚ್ಚಿಯೇ ಹೊಲೀಬೇಕು" ಎಂದರು. ಅವರು ಮಾತಾಡದೆ ಸ್ಪ್ಯಾನರನ್ನು ಮಗನ ಕೈಗೆ ಕೊಟ್ಟು, ತಾವು ಟಾರ್ಚ್ ಹಿಡಿದರು.

ಎರಡನೇ ಸಲ ಹುಡುಗನೇ ಕೂರಿಸಿದ. ಮೇಲಿನ ಚಕ್ರವನ್ನು ಒಂದು ಕೈಯಲ್ಲಿ ಅಲ್ಲಾಡದಂತೆ ಹಿಡಿದುಕೊಂಡು, ಟೆನ್ಷನರ್ ಇಲ್ಲದ ಬದಿಯ ಬೆಲ್ಟನ್ನು ಮೊದಲು ಬಿಗಿಯಾಗಿ ಹೊಂದಿಸಿ, ಸಡಿಲವೆಲ್ಲ ಟೆನ್ಷನರ್ ಬದಿಗೇ ಬರುವಂತೆ ಮಾಡಿದ. ಎರಡು ಸುತ್ತು. ಎರಡೂ ಚುಕ್ಕೆ ಸೇರಿದವು. ನಂಬಿಕೆ ಸಾಲದೆ ಮತ್ತೆರಡು ಸುತ್ತು. ಆಗಲೂ ಸೇರಿದವು. ಆಮೇಲೆ ಟೆನ್ಷನರ್ ಬಿಗಿ ಮಾಡಿ, ಉಳಿದದ್ದನ್ನೆಲ್ಲ ಜೋಡಿಸುವ ಹೊತ್ತಿಗೆ ದೀಪ ಹಚ್ಚುವ ಸಮಯ ಮೀರಿತ್ತು. ಕೀಲಿ ತಿರುಗಿಸಿದಾಗ ಎಂಜಿನ್ ಮೊದಲು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿದುಕೊಂಡಿತು. ತಂಗಿ ಚಪ್ಪಾಳೆ ತಟ್ಟಿದಳು.

ಸೋಮವಾರ ಐದೂವರೆಗೆ ಹೊರಟರು. ಹಿಂದಿನ ಸೀಟಿನಲ್ಲಿ ಹುಡುಗ ಕಿವಿಗೊಟ್ಟು ಕೂತಿದ್ದ. ಶಾಂತಿಗ್ರಾಮ ದಾಟುವ ಹೊತ್ತಿಗೆ ತಾಯಿಗೆ ನಿದ್ರೆ ಹತ್ತಿತ್ತು.

ಜೂನಿನ ಪೂರಕ ಪರೀಕ್ಷೆಯಲ್ಲಿ ಅವನು ಪಾಸಾದ. ದೊಡ್ಡ ಅಂಕವೇನಲ್ಲ, 41. ಅದಕ್ಕೂ ಬೆಲ್ಟಿಗೂ ಸಂಬಂಧ ಕಟ್ಟಬೇಕಾಗಿಲ್ಲ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅದಕ್ಕೆ ಎರಡು ವರ್ಷ ಮೊದಲೇ ತಾಯಿ ತೀರಿಕೊಂಡಿದ್ದರು. ಅಲ್ಲಿಯವರೆಗೆ ಒಂದು ಸೋಮವಾರವಾಗಲಿ, ಗುರುವಾರವಾಗಲಿ ಆ ಕಾರು ದಾರಿಯಲ್ಲಿ ನಿಲ್ಲಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇರುತ್ತಿದ್ದ ಪುಟ್ಟ ಡೈರಿ ಇಂದಿಗೂ ಆ ಮನೆಯಲ್ಲಿದೆ. ಪೆಟ್ರೋಲು, ಪಂಕ್ಚರು, ಡಯಾಲಿಸಿಸ್ ಖರ್ಚು ಎಲ್ಲ ತಂದೆಯ ಅಕ್ಷರದಲ್ಲಿವೆ. ಮೇ 17ರ ಪುಟದಲ್ಲಿ ಕಿ.ಮೀ. ಬರೆದು, ಮುಂದೆ ಇಷ್ಟು ಸೇರಿಸಿದ್ದಾರೆ: ಟೈಮಿಂಗ್ ಬೆಲ್ಟ್ ಹೊಸದು. ಹಾಕಿದ್ದು ಮಗ.